ಐದು ಬೇವಿನ ಗಿಡ, ಒಂದು ಎಮ್ಮೆಕರು

ಎಮ್ಮೆ ಸಾಕುವವರಿಗೆ ಎಮ್ಮೆಯಷ್ಟೇ ತಾಳ್ಮೆ ಇರಬೇಕು ಅಂತ ನಮ್ಮ ಅತ್ತೆ ಹೇಳುತ್ತಾರೆ. ನನಗಿಲ್ಲ. ನಮ್ಮ ಹೊಲದಲ್ಲಿ ವಾರಕ್ಕೊಂದು ಏನಾದರೂ ನಡೆಯುತ್ತದೆ, ಓಣಿಯವರೆಲ್ಲ ನಗುತ್ತಾರೆ, ನಾನೊಬ್ಬಳೇ ಹಲ್ಲು ಕಡಿಯುತ್ತೇನೆ.

ಹಿಂದೊಂದು ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಕಟ್ಟಿದ್ದ ಕರು ಸೆಕೆಗೆ ಸತ್ತುಹೋಯಿತು. ಆವತ್ತು ಊಟ ಬಿಟ್ಟು ಅತ್ತಿದ್ದೆ. ನಮ್ಮ ಸೇಡಂ ಬಿಸಿಲಿಗೆ ಫರಸಿ ಹಾಸುಗಲ್ಲಿನ ಮೇಲೆ ರೊಟ್ಟಿ ಬೇಯುತ್ತದೆ, ಎಮ್ಮೆಕರುವಿನ ಕರಿ ಚರ್ಮ ಹೇಗೆ ತಡೆದೀತು? ಆ ತಗಡನ್ನು ನಾನೇ ಕಿತ್ತು ಎಸೆದೆ. ಮುಂದೆ ಹುಟ್ಟುವ ಕರುವನ್ನು ಹೊಲದ ಐದು ಬೇವಿನ ಗಿಡಗಳ ನೆರಳಲ್ಲೇ ಮೇಯಿಸಿ ಉಳಿಸಿಕೊಳ್ಳುತ್ತೇನೆ ಎಂದು ಹಟ ಹಿಡಿದೆ. ಹಟ ಹಿಡಿದಿದ್ದು ನಾನು, ನೆರಳು ಹಿಡಿದವರು ಬೇರೆಯವರು.

ಗಿಣ್ಣದ ಹಂಚಿಕೆ

ಎಮ್ಮೆ ಬೆಳಿಗ್ಗೆ ಹೆಣ್ಣುಗರು ಹಾಕಿತು. ನಾನು ಹುಲ್ಲು ತರಲು ಹೋಗಿ ಬರುವಷ್ಟರಲ್ಲಿ ಅತ್ತೆ ಕೆಚ್ಚಲು ಬರಿದು ಮಾಡಿ, ಗಿಣ್ಣ ಕಾಯಿಸಿ, ಓಣಿಗೆಲ್ಲ ಹಂಚಿ ಕೂತಿದ್ದರು.

"ಕರಕ್ಕ ಹಾಲು ಎಲ್ಲದರಿ ಅತ್ತಿ?"

"ಮೊದಲ ಮಂದಿಗಿ ಕೊಡಬೇಕು. ಇಲ್ಲಂದ್ರ ದೃಷ್ಟಿ ಆಗ್ತದ."

"ಕರಾನೇ ಸತ್ರ ದೃಷ್ಟಿ ಯಾರಿಗಿ ಆಗ್ತದ?"

ಮುಂದಿನ ಸಲ ಹಾಲು ಕರೆಯುವ ಹೊತ್ತಿಗೆ ಕೋಲು ಹಿಡಿದು ಎಮ್ಮೆಯ ಪಕ್ಕ ನಿಂತೆ. ಕರು ಹೊಟ್ಟೆ ತುಂಬ ಕುಡಿಯಿತು. ಅಷ್ಟರಲ್ಲಿ ಪಕ್ಕದ ಮನೆಯ ಚಾಚಿ ತೊಳೆದ ಬಟ್ಟಲು ವಾಪಸ್ ತಂದಳು. ಕೋಲನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.

"ಸಕ್ರಿ ಕಮ್ಮಿ ಆಗ್ಯಾದ ನೋಡವ್ವ," ಎಂದಳು. "ನಾಳಿಗಿ ಯಾಲಕ್ಕಿ ಭೀ ಹಾಕು."

ನೆರಳಿನ ಯಜಮಾನರು

ಬೇಸಿಗೆ ಬಂತು. ಗಿಡಗಳ ಸುತ್ತ ಫರಸಿ ಕಲ್ಲು ನಿಲ್ಲಿಸಿ ಬೇಲಿ ಮಾಡಿದ್ದೆ. ಮಧ್ಯಾಹ್ನ ಕರು ಹೊಡೆದುಕೊಂಡು ಹೋದರೆ ಒಳಗೆ ಊರಿನ ನಾಲ್ವರು ಹಿರಿಯರು ಕಂಬಳಿ ಹಾಸಿ ಇಸ್ಪೀಟು ಆಡುತ್ತಿದ್ದಾರೆ! ನನ್ನ ಕರು ಬಿಸಿಲಲ್ಲಿ ನಿಂತು ತೇಕುತ್ತಿದೆ.

ಅವರಲ್ಲೊಬ್ಬರು ಎಲೆ ಕೈಯಲ್ಲಿ ಹಿಡಿದೇ ಹೇಳಿದರು: "ಏ ತಂಗಿ, ಕರ ಆಕಡಿ ಹೊಡಿ. ಸೆಗಣಿ ಹಾಕ್ತದ. ಮಂದಿ ಕುಂದ್ರೋ ಜಾಗ ಅದ."

"ಮಾಮಾ, ಇದು ನಮ್ಮ ಹೊಲ ಅದರಿ!"

"ಹೌದವ್ವ, ಅದಕ್ಕೇ ನಿನಗ ಹೇಳಾಕತ್ತೀನಿ. ಬ್ಯಾರೇದವರ ಹೊಲ ಇದ್ರ ನಾವ್ಯಾಕ ಬಾಯಿ ಹಾಕ್ತಿದ್ವಿ?"

ಕೊಡಲಿ

ನನ್ನ ಗಂಡನಿಗೆ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಒಂದು ದಿನ ಕುಣಿಯುತ್ತ ಬಂದ.

"ಪಂಚಾಯ್ತಿಯಿಂದ ಶೆಡ್ ಮಂಜೂರಾಗ್ಯಾದ! ಕರಕ್ಕ ನೆರಳಾಗ್ತದ."

"ಎಲ್ಲಿ ಹಾಕ್ತೀರಿ?"

"ಈ ಐದೂ ಗಿಡ ಕಡದ್ರ ಜಾಗ ಸಿಗ್ತದಲ್ಲ."

ಮೈಯೆಲ್ಲ ಉರಿಯಿತು. ನೆರಳು ಕಡಿದು ನೆರಳು ಮಾಡುತ್ತಾನಂತೆ, ಅದೂ ತಗಡಿನದು. ಒಂದು ಕರು ಹೂಳಿದ್ದು ಸಾಲದೇ? ಅವನ ಜೊತೆ ಮಾತು ಬಿಟ್ಟೆ. ಅವನಿಗೆ ಅದೂ ಆರಾಮವೇ ಆಯಿತು.

ಮರುದಿನ ಮಧ್ಯಾಹ್ನ ಗಿಡ ಕಡಿಯುವವನು ಕೊಡಲಿ ಹೊತ್ತು ಬಂದ. ಶೆಡ್ಡಿನ ಜಾಗ ಅಳೆಯಲು ಪಂಚಾಯ್ತಿಯ ಸಾಹೇಬರೊಬ್ಬರೂ ಬಂದರು. "ಬಿಸಲ ಭಾಳ ಅದ, ಸ್ವಲ್ಪ ಇಳೀಲಿ," ಎಂದು ಇಬ್ಬರೂ ಬೇವಿನ ಕೆಳಗೇ ಕೂತರು. ಕಡಿಯುವವನು ರೊಟ್ಟಿಗಂಟು ಬಿಚ್ಚಿ, ಮೇಲೆ ನೋಡಿ, "ಮಾಲಕರ, ಈ ಒಂದ ಗಿಡ ಬಿಡ್ರಿ. ಎಲ್ಲಾ ಕಡದ್ರ ನಾ ಊಟಕ್ಕ ಎಲ್ಲಿ ಕುಂದ್ರಲಿ?" ಎಂದ.

ಸಾಹೇಬರು, "ನನ್ನ ಗಾಡಿ ನಿಂತ ಗಿಡಾನೂ ಇರ್ಲಿ. ಕಡದ್ರ ಸೀಟ್ ಸುಡ್ತದ," ಎಂದರು. ಇಸ್ಪೀಟಿನವರು ಎಲೆಯಿಂದ ಕಣ್ಣೆತ್ತದೆ, "ಇದಂತೂ ನಮ್ಮದು," ಎಂದರು. ಅತ್ತೆ ತಮ್ಮ ಹೊರಸನ್ನು ನಾಲ್ಕನೆಯದರ ಕೆಳಗೆ ಎಳೆದು ಮಲಗಿಯೇ ಬಿಟ್ಟರು. ಕೊನೆಗೆ ನನ್ನ ಗಂಡ ಕೆಮ್ಮಿದ.

"ಪಾಳಿ ಮುಗಿಸಿ ಬಂದು ನಾ ಎಲ್ಲಿ ಅಡ್ಡಾಗಲಿ? ಐದನೇದೂ ಇರ್ಲಿ ಬಿಡ್ರಿ."

ಐದೂ ಉಳಿದವು. ಒಬ್ಬರ ಬಾಯಲ್ಲೂ ಕರುವಿನ ಹೆಸರಿಲ್ಲ.

"ಎಲ್ಲಾ ನಿಮಗೇ ಆದ್ರ ನನ್ನ ಕರ ಎಲ್ಲಿ ಕಟ್ಲಿ?" ಎಂದು ಕಿರುಚಿದೆ.

ಕಡಿಯುವವನು ರೊಟ್ಟಿ ಅಗಿಯುತ್ತಲೇ ಹೇಳಿದ: "ಅದಕ್ಕೇ ಶೆಡ್ ಹಾಕಾಕತ್ತಾರಲ್ರಿ ಅಕ್ಕೋರ."

ಕೊಡಲಿ ಎತ್ತಿಕೊಂಡೆ. ಇಸ್ಪೀಟು ಗಾಳಿಗೆ ಹಾರಿತು. ಸಾಹೇಬರು ಅಳತೆ ಟೇಪು ಬಿಟ್ಟೇ ಗಾಡಿ ಹತ್ತಿದರು. ಗಂಡ ಬೇಲಿ ಹಾರಿದ್ದನ್ನು ಮದುವೆಯಾದ ಮೇಲೆ ಅವತ್ತೇ ಮೊದಲು ನೋಡಿದ್ದು. ಅತ್ತೆ ಮಾತ್ರ ಏಳಲಿಲ್ಲ. ಕರು ಸಾವಕಾಶ ಹೋಗಿ ಅವರ ಹೊರಸಿನ ಪಕ್ಕ ಮಲಗಿತು.

ಅದೀಗ ಎರಡು ಬೇಸಿಗೆ ದಾಟಿದೆ, ಮೈ ತುಂಬಿಕೊಂಡಿದೆ. ಶೆಡ್ಡಿನ ಸುದ್ದಿಯಿಲ್ಲ. ಕೊಡಲಿ ಇನ್ನೂ ನನ್ನ ಹತ್ತಿರವೇ ಇದೆ. ಗಿಡ ಕಡಿಯುವವನು ಅದನ್ನು ವಾಪಸ್ ಕೇಳಲು ಆಗಾಗ ಬರುತ್ತಾನೆ. ಬಂದಾಗಲೆಲ್ಲ ಸರಿಯಾಗಿ ಮಧ್ಯಾಹ್ನಕ್ಕೇ, ರೊಟ್ಟಿಗಂಟು ಹಿಡಿದುಕೊಂಡೇ ಬರುತ್ತಾನೆ.