ಅಸಲಿ ಚಿಕ್ಕಹನುಮಯ್ಯ

ಚಿಕ್ಕಹನುಮಯ್ಯ ಮಾಡಿದ ತಪ್ಪು ಒಂದೇ. ಮಟನ್ ಅಂಗಡಿಯ ಇದ್ರೀಸ್ ಮಧ್ಯಾಹ್ನ ಬಂದು ಟಗರು ಹಿಡಿದುಕೊಂಡು ಹೋಗುತ್ತಾನೆ ಎಂಬುದನ್ನು, ಬೆಳಿಗ್ಗೆ ಹಾರೋಹಳ್ಳಿಯ ಕಾರ್ಖಾನೆಗೆ ಹೊರಡುವ ಆತುರದಲ್ಲಿ ಹೆಂಡತಿಗೆ ಹೇಳಲು ಮರೆತ. ಮಾರನೆಯ ದಿನ ಮಗಳು ಶಾಲಿನಿಯ ಬೀಗರೂಟ. ಅದಕ್ಕೆಂದೇ ಸಾಕಿದ ಆ ಟಗರಿಗೆ ಮರಳವಾಡಿಯ ಮನೆಯಲ್ಲಿ ಅವನಿಗಿಂತ ಹೆಚ್ಚು ಮರ್ಯಾದೆಯಿತ್ತು.

ಟೀ ವಿರಾಮದಲ್ಲಿ ಫೋನ್ ಮಾಡಿದ. "ಮಾರಮ್ಮ, ಇದ್ರೀಸ್ ಬತ್ತಾನೆ. ಟಗರು ಕೊಟ್ಕಳ್ಸು."

"ಮೊದ್ಲು ಗುಟ್ಟಿನ ಮಾತು ಹೇಳಿ."

ಇದು ಪಕ್ಕದ ಮನೆ ಹುಚ್ಚೀರಯ್ಯನ ಕಿತಾಪತಿ. ದಿನವಿಡೀ ಮೊಬೈಲಿನಲ್ಲಿ ವೀಡಿಯೋ ನೋಡುವುದೇ ಅವನ ಕಸುಬು. ಎಐ ಬಂದರೆ ಹಾಲು ಕರೆಯುವುದರಿಂದ ಮುದ್ದೆ ತಿರುವುವವರೆಗೆ ಎಲ್ಲ ಅದೇ ನೋಡಿಕೊಳ್ಳುತ್ತದೆ, ನಾವು ಜಗಲಿ ಮೇಲೆ ಮಲಗಿದ್ದರೆ ಸಾಕು ಎಂದು ಹೋದ ತಿಂಗಳು ಹೇಳುತ್ತಿದ್ದ. ಈ ತಿಂಗಳು ಅದೇ ಎಐ ಗಂಡಂದಿರ ದನಿಯಲ್ಲಿ ಫೋನ್ ಮಾಡಿ ಮನೆ ಗುಡಿಸಿಕೊಂಡು ಹೋಗುತ್ತದೆ ಎಂದು ಬೀದಿಯನ್ನೆಲ್ಲ ಹೆದರಿಸಿದ್ದ. ಅದಕ್ಕೇ ಮನೆಗೊಂದು ಗುಟ್ಟಿನ ಮಾತು. ಮಾರಮ್ಮ ಇಟ್ಟುಕೊಂಡದ್ದು, ಚಿಕ್ಕಹನುಮಯ್ಯ ಹೆಣ್ಣು ನೋಡಲು ಬಂದ ದಿನ ಅವಳು ಮಾಡಿದ್ದ ಅಡುಗೆಯ ಹೆಸರು.

ಯಾವ ಗಂಡನಿಗೆ ತಾನೇ ಅದು ನೆನಪಿರುತ್ತದೆ?

"ಉಪ್ಪಿಟ್ಟು," ಎಂದ ಅಂದಾಜಿನ ಮೇಲೆ. ಫೋನ್ ಕಟ್ಟಾಯಿತು.

ಮಧ್ಯಾಹ್ನ ಇದ್ರೀಸನೇ ಫೋನ್ ಮಾಡಿದ. "ಏನ್ ಚಿಕ್ಕಣ್ಣ, ಟಗರು ಕೇಳುದ್ರೆ ಎಐ ಕಡೆಯೋನು ಅಂತ ಪೊರಕೆ ಎತ್ತುದ್ರು! ಸಂಜೆವರ್ಗೂ ಕಾಯ್ತೀನಿ. ಆಮೇಲೆ ಬೇರೆ ಕಡೆ ಕೆಲ್ಸ ಒಪ್ಕಂಡಿವ್ನಿ."

ಬಾಡಿಲ್ಲದ ಬೀಗರೂಟ ಹಾಕಿದರೆ ಮಗಳು ಜೀವಮಾನವಿಡೀ ಅತ್ತೆಯ ಬಾಯಿಂದ ಅದನ್ನೇ ಕೇಳಬೇಕು. ಚಿಕ್ಕಹನುಮಯ್ಯ ಅರ್ಧ ದಿನ ರಜ ಹಾಕಿ ಬಸ್ ಸ್ಟಾಪಿಗೆ ಓಡಿದ. ಬಸ್ಸಿಲ್ಲ. ಪಕ್ಕದ ಟೀ ಅಂಗಡಿಯಲ್ಲಿ ನಿಂತು ವೀಡಿಯೋ ಕಾಲ್ ಮಾಡಿದ.

"ನೋಡೇ, ನಾನೇ ಕಣೇ. ದಯವಿಟ್ಟು ನಂಬು."

ಹುಚ್ಚೀರಯ್ಯ ನಡುವೆ ಮೂತಿ ತೂರಿಸಿದ. "ಕೇಳುದ್ಯಾ ಮಾರಮ್ಮ? ದಯವಿಟ್ಟು ಅಂತೈತೆ! ನಮ್ ಚಿಕ್ಕಹನುಮಯ್ಯ ಹುಟ್ಟಿದಾಗ್ನಿಂದ ಆ ಮಾತು ಆಡೋನಲ್ಲ. ಮೀಸೆ ನೋಡು, ಅಂಟಿಸ್ದಂಗೈತೆ."

"ಲೇ ಹುಚ್ಚೀರ, ಮನೆಗ್ ಬಂದು ಒದೀತೀನಿ ಕಣ್ಲಾ!"

"ಬೈಯೋದೂ ಕಲ್ತ್ಬುಟ್ಟೈತೆ," ಎಂದು ಹುಚ್ಚೀರಯ್ಯ ಮೆಚ್ಚುಗೆಯಿಂದ ತಲೆದೂಗಿದ. ಅಷ್ಟರಲ್ಲಿ ಬ್ಯಾಟರಿ ಮುಗಿದು ಫೋನ್ ಸತ್ತಿತು.

ಪಕ್ಕದಲ್ಲಿ ಬನ್ ತಿನ್ನುತ್ತಿದ್ದ ಲಗೇಜ್ ಆಟೋದವನಿಗೆ ಕರುಳು ಚುರುಕ್ಕೆಂದಿರಬೇಕು. ಏನಾಯಿತೆಂದು ಕೇಳಿದ. ಚಿಕ್ಕಹನುಮಯ್ಯ ಟಗರು, ಇದ್ರೀಸ್, ಗುಟ್ಟಿನ ಮಾತು, ಮರಳವಾಡಿಯ ಡೈರಿ ಹಿಂದಿನ ಮನೆ, ಎಲ್ಲವನ್ನೂ ಹೇಳಿ ಹಗುರಾದ.

"ಒಸಿ ಗ್ಯಾಪ್ಕ ಮಾಡ್ಕಳಿ ಅಣ್ಣ. ಸಿಹಿನಾ, ಖಾರನಾ?"

"ಸಿಹಿ ಇದ್ದಂಗಿತ್ತು... ಬಿಳಿ ಬಟ್ಟೆ ಮೇಲೆ ಚೆಲ್ಕಂಡಿದ್ದೆ... ಹಾಂ! ಒತ್ತು ಶ್ಯಾವಿಗೆ, ಕಾಯಾಲು!"

"ಗೆದ್ರಿ ಬುಡಿ! ನಾನು ಬೆಂಗ್ಳೂರ್ ಕಡೆ ಹೊಂಟಿವ್ನಿ. ಇಲ್ದಿದ್ರೆ ನಾನೇ ಮನೆಗೆ ಬುಡ್ತಿದ್ದೆ," ಎಂದು ಅವನು ಆಟೋ ಹತ್ತಿ ಹೋದ. ಇಂಥ ಒಳ್ಳೆಯ ಜನ ಇನ್ನೂ ಇದ್ದಾರಲ್ಲ ಎಂದು ಚಿಕ್ಕಹನುಮಯ್ಯ ಸಂತೋಷಪಟ್ಟ.

ಬಸ್ಸು ಬಂದದ್ದು ಬಹಳ ತಡವಾಗಿ. ಊರಲ್ಲಿ ಇಳಿದವನೇ ಓಡಿ ಬಂದು, ಅಂಗಳದಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದ.

"ಒತ್ತು ಶ್ಯಾವಿಗೆ, ಕಾಯಾಲು!"

"ಈಗ ನೆನಪಾಯ್ತಾ?" ಎಂದಳು ಮಾರಮ್ಮ. "ನೀವ್ ಕಳ್ಸಿದೋನು ಆಗ್ಲೇ ಹೇಳ್ಬುಟ್ಟ."

"ಯಾರು?"

"ಇದ್ರೀಸ್ ಸಾಬ್ರ ಕಡೆಯೋನು, ಲಗೇಜ್ ಆಟೋ ತಂದಿದ್ದ. ಎಷ್ಟ್ ಒಳ್ಳೇವ್ನು ಅಂತೀರಾ! ಟಗರು ತಕಂಡ್ ಹೋದ."

ಚಿಕ್ಕಹನುಮಯ್ಯ ಖಾಲಿ ಗೂಟವನ್ನು ನೋಡಿ ಕುಸಿದು ಕುಳಿತ.

"ಸುಮ್ನೆ ಕೊಡ್ಲಿಲ್ಲ ಕಣ್ಲಾ," ಎಂದ ಹುಚ್ಚೀರಯ್ಯ ಎದೆಯುಬ್ಬಿಸಿ. "ಎಐ ಇರ್ಬೋದು ಅಂತ ನಾನೇ ಚಿವುಟಿ ನೋಡ್ದೆ. ಅಯ್ಯೋ ಅಂದ. ಪಕ್ಕಾ ಮನ್ಸನೇ! ಆಮೇಲೇ ಟಗರು ಹತ್ತಿಸ್ಕೊಟ್ಟಿದ್ದು."

ಅಷ್ಟರಲ್ಲಿ ಮಾರಮ್ಮನ ಫೋನ್ ಬಡಿದುಕೊಂಡಿತು. ಎತ್ತಿದವಳು ಗಂಡನತ್ತ ಚಾಚಿದಳು. "ಬೀಗರು. ಇನ್ನೊಂದ್ ಮಿನಿಬಸ್ ಜನ ಜಾಸ್ತಿ ಬತ್ತಾರಂತೆ. ನಿಮ್ಮನ್ನೇ ಕೇಳ್ತಾವ್ರೆ."

ಬೆಳಗಿನಿಂದ ತಾನು ತಾನೇ ಎಂದು ಗಂಟಲು ಹರಿದುಕೊಂಡಿದ್ದ ಚಿಕ್ಕಹನುಮಯ್ಯ ಎರಡೂ ಕೈ ಆಡಿಸಿ ಪಿಸುಗುಟ್ಟಿದ.

"ನಾನ್ ನಾನಲ್ಲ, ಎಐ ಅಂತ ಹೇಳ್ಬುಡೇ!"