ಬೋಗುಣಿಗೆ ಬಿದ್ದ ಉಪ್ಪು

ಮರಾಠಿ ಸೀಮೆಯ ಕೊಂಢವಾದಲ್ಲಿ ನೀರಿನ ಫಿಲ್ಟರ್ ಮಾರುವ ಮಾಂತುವಿಗೆ ಪ್ರಲ್ಹಾದ ಸರ್ ಎಂಬ ಹೆಸರು ಕಿವಿಗೆ ಬಿದ್ದರೆ ಸಾಕು, ಹೊಟ್ಟೆಯೊಳಗೆ ಸ್ಟೋವ್ ಹೊತ್ತಿಕೊಳ್ಳುತ್ತಿತ್ತು. ಆ ಮನುಷ್ಯನನ್ನು ಅವನು ಕಣ್ಣಿನಿಂದ ಕಂಡವನಲ್ಲ. ಆದರೆ ಮಗಳು ರಕ್ಷಿತಾಳಿಗೆ ವಿಜ್ಞಾನ ಕಲಿಸಲು ಅವರು ಬಂದಂದಿನಿಂದ ಮನೆಯಲ್ಲಿ ಅವರದೇ ಪಾರಾಯಣ. ಹೆಂಡತಿ ರಂಜನಾ ಪಾಲಕರ ಸಭೆಗೆ ಹೋಗಿ ಬಂದ ಮೇಲಂತೂ ಪಾರಾಯಣಕ್ಕೆ ಮಂಗಳಾರತಿಯೂ ಸೇರಿತು.

“ಎಷ್ಟ ಸಮಾಧಾನ್ರೀ ಆ ಸರ್‌ಗೆ! ಸೋಲಾಪುರದವರಂತ, ಕನ್ನಡಾನೂ ಛಲೋ ಬರ್ತದ. ಉಂಡ ಡಬ್ಬಿ ತಾವಽ ತೊಳ್ಕೋತಾರ.”

“ನಾನೂ ತೊಳೀತೀನಿ.”

“ಯಾವಾಗ?”

(ಮಾಂತು ಟಿವಿಯ ಸದ್ದು ಏರಿಸಿದ.)

ಇಷ್ಟನ್ನೂ ಅವನು ನುಂಗಿಕೊಂಡಿದ್ದ. ಆದರೆ ಫೆಬ್ರವರಿಯಲ್ಲಿ ಸರ್ ನೇರವಾಗಿ ನೀರಿಗೇ ಕೈ ಹಾಕಿದರು. ನೀರೆಂದರೆ ಮಾಂತುವಿನ ಸ್ವಂತ ಸಾಮ್ರಾಜ್ಯ!

“ಅಪ್ಪಾ, ಸೂರ್ಯನಽ ಎಲ್ಲಾಕ್ಕಿಂತ ದೊಡ್ಡ ಫಿಲ್ಟರ್ ಅಂತ. ಕರೆಂಟ್ ಬ್ಯಾಡ, ಸರ್ವೀಸಿಂಗ್ ಬ್ಯಾಡ. ಸರ್ ಹೇಳ್ಯಾರ,” ಎಂದಳು ರಕ್ಷಿತಾ.

ಬೋಗುಣಿಯಲ್ಲಿ ಮಣ್ಣುನೀರು, ಅದರ ನಡುವೆ ಖಾಲಿ ಬಟ್ಟಲು. ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಮಧ್ಯದಲ್ಲೊಂದು ಹರಳುಕಲ್ಲು. ಬಿಸಿಲಿಗೆ ನೀರು ಆವಿಯಾಗಿ, ಹಾಳೆಗೆ ಹತ್ತಿ, ಹನಿಯಾಗಿ ಬಟ್ಟಲಿಗೆ ಬೀಳುತ್ತದೆ. ಮಣ್ಣು ಕೆಳಗೇ ಉಳಿಯುತ್ತದೆ. ಮಳೆಯೂ ಹೀಗೆಯೇ ಶುದ್ಧವಾಗುತ್ತದಂತೆ. ಶನಿವಾರ ಪಾಲಕರ ಎದುರು ಈ ಪ್ರಯೋಗ.

“ಬೋಗುಣಿ ನಾ ಹೊರ್ತೀನಿ,” ಎಂದ ಮಾಂತು. ಸ್ವಂತ ನೀರಿನ ಲೋಟವನ್ನೂ ಹೊರದ ಗಂಡನ ಹಣೆಯನ್ನು ರಂಜನಾ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

ಹದಿನಾರು ವರ್ಷದ ಧಂದೆಯಲ್ಲಿ ಮಾಂತು ಕಂಡುಕೊಂಡ ವೇದವಾಕ್ಯ ಒಂದೇ: ಮಣ್ಣಾದರೆ ಅರಿವೆಯಲ್ಲೂ ಸೋಸೀತು, ಉಪ್ಪಿಗೆ ಮಷೀನೇ ಬೇಕು. ಶನಿವಾರ ಬೆಳಿಗ್ಗೆ ಶಾಲೆಯ ಮಾಳಿಗೆಯ ಮೇಲೆ ಮಣ್ಣುನೀರು ತುಂಬಿಟ್ಟು ರಕ್ಷಿತಾ ಹರಳು ಆರಿಸಲು ಕೆಳಗೆ ಓಡಿದ್ದೇ ತಡ, ಅವನು ಜೇಬಿನಿಂದ ಉಪ್ಪಿನ ಪೊಟ್ಟಣ ತೆಗೆದು ಅಷ್ಟನ್ನೂ ಬೋಗುಣಿಗೆ ಸುರಿದು ಕೈಯಾಡಿಸಿದ. ಮಗಳು ಬಂದಾಗ ಸಾಧುವಿನಂತೆ ಆಕಾಶ ನೋಡುತ್ತಿದ್ದ.

ಮೂರು ಗಂಟೆಗೆ ಪಾಲಕರೆಲ್ಲ ಮಾಳಿಗೆ ಹತ್ತಿದರು. ಪ್ರಲ್ಹಾದ ಸರ್ ಬಂದರು. ಮಾಂತುವನ್ನು ಬಿಟ್ಟುಹೋದ ಕೂದಲೆಲ್ಲ ಅವರ ತಲೆಯಲ್ಲಿ ಸಂಸಾರ ಹೂಡಿದಂತಿತ್ತು. ಹಾಳೆ ಬಿಚ್ಚಿದರೆ ಬಟ್ಟಲಲ್ಲಿ ನಾಲ್ಕು ಚಮಚೆ ತಿಳಿನೀರು. ಯಾರು ರುಚಿ ನೋಡುತ್ತೀರಿ ಎಂದು ಸರ್ ಮರಾಠಿಯಲ್ಲಿ ಕೇಳಿದ್ದೇ ತಡ, ಮಾಂತು ಮುನ್ನುಗ್ಗಿ ಬಟ್ಟಲನ್ನು ಎತ್ತಿದ.

“ಥೂ! ಉಪ್ಪ! ಬರೇ ಉಪ್ಪ!”

“ಸಾಹೇಬ್ರ,” ಎಂದರು ಸರ್ ಮೆಲ್ಲಗೆ, ಕನ್ನಡದಲ್ಲಿ, “ನೀರು ಇನ್ನೂ ನಿಮ್ಮ ತುಟಿಗೇ ಹತ್ತಿಲ್ಲಲ್ರಿ.”

“ನಾವು ಉಪ್ಪ ಹಾಕೇ ಇಲ್ಲಲ್ಲಪ್ಪಾ!” ಎಂದಳು ರಕ್ಷಿತಾ.

ಸರ್ ಬೋಗುಣಿಯಲ್ಲಿ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು. ಅವರ ಮುಖ ಹಿಂಡಿದ ನಿಂಬೆಹಣ್ಣಾಯಿತು. ಬಟ್ಟಲಿನ ನೀರನ್ನು ಮಾಂತು ಈಗ ನಿಜವಾಗಿಯೂ ಕುಡಿದ. ಉಪ್ಪಿನ ಸುಳಿವೇ ಇಲ್ಲ. ರಕ್ಷಿತಾ ಅಪ್ಪನ ಜೇಬಿನಿಂದ ಇಣುಕುತ್ತಿದ್ದ ಖಾಲಿ ಪೊಟ್ಟಣವನ್ನು ಎಳೆದು ತೆಗೆದಳು. ರಂಜನಾ ಸೆರಗನ್ನು ಬಾಯಿಗೆ ಒತ್ತಿ ನಗು ತಡೆದಳು. ಕಿವಿಯ ಓಲೆಗಳು ಮಾತ್ರ ಅದುರುತ್ತಿದ್ದವು.

ಸರ್ ಬೈದಿದ್ದರೆ ಒಳ್ಳೆಯದಿತ್ತು. ಅವರು ಚಪ್ಪಾಳೆ ತಟ್ಟಿದರು! “ಸಮುದ್ರದ ನೀರಿಂದ ಸಿಹಿ ಮಳಿ ಹೆಂಗ ಬರ್ತದಂತ ಮುಂದಿನ ವಾರ ಹೇಳಾಂವ ಇದ್ದೆ. ಇವರು ಇವತ್ತಽ ತೋರಿಸಿಬಿಟ್ರು!” ಎಂದು ಮಾಂತುವಿನ ಹೆಗಲ ಮೇಲೆ ಕೈಯಿಟ್ಟು ಫೋಟೋ ಬೇರೆ ತೆಗೆಸಿಕೊಂಡರು.

ಸೋಮವಾರ ರಂಜನಾ ಮೊಬೈಲನ್ನು ಗಂಡನ ಮುಂದೆ ಹಿಡಿದಳು. ಶಾಲೆಯ ಗೋಡೆಗೆ ರಕ್ಷಿತಾ ಬರೆದು ಅಂಟಿಸಿದ ಪ್ರಯೋಗದ ತಕ್ತೆ. ಸಾಮಗ್ರಿಗಳು: ಬೋಗುಣಿ, ಬಟ್ಟಲು, ಹಾಳೆ, ಹರಳು, ಮಣ್ಣುನೀರು, ಅಪ್ಪ ಕದ್ದು ಹಾಕಿದ ಉಪ್ಪು. ಎಲ್ಲ ಮರಾಠಿಯಲ್ಲಿ, ಶಾಲೆಗೆ ಶಾಲೆಯೇ ಓದುವಷ್ಟು ದಪ್ಪ ಅಕ್ಷರದಲ್ಲಿ. ಕೆಳಗೆ ಆ ಫೋಟೋ.

“ಇದನ್ನ ಯಾರಿಗೂ ಕಳಿಸಬ್ಯಾಡ,” ಎಂದ ಮಾಂತು.

“ವಿಜಾಪುರಕ್ಕ, ನಮ್ಮ ತವರಮನಿಗೆ ಮುಂಜಾನೇನಽ ಕಳಿಸೇನಿ,” ಎಂದಳು ರಂಜನಾ. ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿದಳು. “ಸರ್ ಎಷ್ಟ ಛಂದ ಬಂದಾರ ನೋಡ್ರಿ! ನೀವಽ ಕಣ್ಣ ಮುಚ್ಚೀರಿ.”