ಕುಂಭಾವತಿಯ ಖಾಲಿ ಕೊಡಗಳ ಸಾಲು

ಬಹಳ ಬಹಳ ಹಿಂದೆ, ಅಂದರೆ ಈ ಬೆಳಿಗ್ಗೆ ನೀವು ಕಾಫಿ ಮುಂದಿಟ್ಟುಕೊಂಡು ಪತ್ರಿಕೆ ಬಿಡಿಸುವುದಕ್ಕೆ ಸ್ವಲ್ಪ ಮುಂಚೆ, ಕುಂಭಾವತಿ ಎಂಬ ಒಂದು ರಾಜ್ಯವಿತ್ತು. ಭೂಪಟದಲ್ಲಿ ಹುಡುಕುವ ಶ್ರಮ ಬೇಡ. ಓದುತ್ತಾ ಬೇರೆ ಯಾವುದಾದರೂ ರಾಜ್ಯ ನೆನಪಾದರೆ ಅದು ನಿಮ್ಮ ನೆನಪಿನ ತಪ್ಪು, ನನ್ನದಲ್ಲ. ಅದನ್ನು ಆಳುತ್ತಿದ್ದವರು ಕೀರ್ತಿಕಾಮ ಮಹಾರಾಜರು. ಅವರು ಧರ್ಮಿಷ್ಠರು, ಪ್ರಜಾವತ್ಸಲರು, ಎಡಗಡೆಯಿಂದ ಫೋಟೊ ತೆಗೆದರೆ ತುಂಬ ಚೆನ್ನಾಗಿ ಕಾಣುವವರು.

ರಾಜಧಾನಿಯಲ್ಲಿ ಹೊಂಗೆಮರದ ಬೀದಿ ಎಂದೊಂದು ಬೀದಿ. ಬೀದಿಯ ಕೊನೆಗೆ ಒಂದು ನಲ್ಲಿ. ಅದರಲ್ಲಿ ನೀರು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಜಲಾಧ್ಯಕ್ಷರಿಗಂತೂ ಸುತರಾಂ ಗೊತ್ತಿರಲಿಲ್ಲ. ಬಂದಾಗ ಮೂರ್ನಾಲ್ಕು ಮನೆಗೆ ಆಗುವಷ್ಟು ಬಂದು, ಗೊರಗೊರ ಎಂದು ನಿಂತುಬಿಡುತ್ತಿತ್ತು. ಹೀಗಾಗಿ ಬೀದಿಯವರು ತಮ್ಮಷ್ಟಕ್ಕೆ ತಾವೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಮನೆಗೊಂದು ಖಾಲಿ ಕೊಡ ತಂದು ಸಾಲಿನಲ್ಲಿಟ್ಟು ಅವರವರ ಕೆಲಸಕ್ಕೆ ಹೋಗುವುದು. ಕೊಡವಿಲ್ಲದವರು ಒಂದು ಕಲ್ಲಿಡುವುದು, ಕಲ್ಲೂ ಸಿಗದವರು ಕಿತ್ತುಹೋದ ಚಪ್ಪಲಿ. ಸರದಿ ಬಂದ ಮನೆಯವರು ಹಂಡೆ, ಗಡಿಗೆ ಎಲ್ಲವನ್ನೂ ತುಂಬಿಸಿಕೊಂಡು ಮತ್ತೆ ಖಾಲಿ ಕೊಡವನ್ನು ಸಾಲಿನ ಕೊನೆಗೆ ತಂದಿಡುತ್ತಿದ್ದರು. ಇನ್ನೊಬ್ಬರ ಕೊಡವನ್ನು ಯಾರೂ ಸರಿಸುತ್ತಿರಲಿಲ್ಲ. ಹಸು ತಳ್ಳಿ ಕೊಡ ಉರುಳಿದರೆ ದಾರಿಯಲ್ಲಿ ಹೋಗುವವರು ಅದನ್ನೆತ್ತಿ ಅದೇ ಜಾಗದಲ್ಲಿಡುತ್ತಿದ್ದರು, ಅದು ಮೊನ್ನೆ ತಾನೇ ಬೀದಿಯಲ್ಲಿ ನಿಂತು ಬೈದಾಡಿದವಳ ಕೊಡವಾದರೂ ಸರಿ. ಇದಕ್ಕೆ ಕಾನೂನಿರಲಿಲ್ಲ, ಕಾವಲಿರಲಿಲ್ಲ, ಆಯೋಗವಿರಲಿಲ್ಲ. ಬಹುಶಃ ಅದಕ್ಕೇ ಚೆನ್ನಾಗಿ ನಡೆದುಕೊಂಡು ಹೋಗುತ್ತಿತ್ತು.

ಆ ಬೀದಿಯಲ್ಲಿ ಪುರಿ ಹುರಿದು ಮಾರುತ್ತಿದ್ದವಳು ದ್ಯಾವೀರಮ್ಮ. ನಾಲಿಗೆ ಸ್ವಲ್ಪ ಖಾರ, ಕೈ ಧಾರಾಳ. ಮಗಳು ಚೆಲುವಿ ಹೆರಿಗೆಗೆ ಬಂದು ಹೆಣ್ಣು ಕೂಸು ಹೆತ್ತಿದ್ದಳು. ಊರಾಚೆಯ ಕೆರೆಯ ಬಗ್ಗಡದಲ್ಲಿ ಎರೆದೂ ಎರೆದೂ ಕೂಸಿನ ಮೈಮೇಲೆ ಗುಳ್ಳೆ ಎದ್ದಿದ್ದವು. ಸದ್ಯ, ದ್ಯಾವೀರಮ್ಮನ ಕೊಡ ತೆವಳಿ ತೆವಳಿ ನಲ್ಲಿಯ ಬುಡಕ್ಕೆ ಬಂದು ನಿಂತಿತ್ತು. ತವರಿನಿಂದ ತಂದ ತಾಮ್ರದ ಕೊಡ. ಅದರ ಹೊಟ್ಟೆಯಲ್ಲೊಂದು ತಗ್ಗು, ಚೆಲುವಿ ಸಣ್ಣವಳಿದ್ದಾಗ ಬೀಳಿಸಿದ್ದು.

“ತಡ್ಕೊ ಮಗ, ಇವತ್ತೋ ನಾಳೆಯೋ ನೀರು ಬಂದೇ ಬತ್ತದೆ. ಮೊದಲ ಪಾಳಿ ನಮ್ದೇ. ಹಂಡೆ ತುಂಬ ಕಾಯ್ಸಿ ತಾಯಿ ಮಗಳಿಬ್ರಿಗೂ ಎರೆದುಬಿಡ್ತೀನಿ” ಎಂದು ಅವಳು ಮಗಳಿಗೆ ಸಮಾಧಾನ ಹೇಳುತ್ತಿದ್ದಳು.

ಅತ್ತ ಅರಮನೆಯಲ್ಲಿ ಮಹಾರಾಜರಿಗೆ ಬೇರೆಯೇ ದಾಹ. ಪ್ರವಾಸೋದ್ಯಮ ಮಂತ್ರಿ ಮಧುರಭಾಷಿಗಳು ಆಗಷ್ಟೇ ಸಪತ್ನೀಕರಾಗಿ, ಸಬಾಂಧವರಾಗಿ ಭೂಮಂಡಲದ ಅಧ್ಯಯನ ಪ್ರವಾಸ ಮುಗಿಸಿ ಬಂದಿದ್ದರು.

“ಮಹಾಪ್ರಭು, ಒಂದು ದೇಶದಲ್ಲಿ ಗೋಪುರ ವಾಲಿಕೊಂಡಿದೆ. ಕಟ್ಟಿದವರಿಗೆ ನೆಟ್ಟಗೆ ಕಟ್ಟಲು ಬರಲಿಲ್ಲ, ಅದನ್ನು ನೋಡಲು ಲೋಕವೇ ಮುಗಿಬೀಳುತ್ತದೆ. ಇನ್ನೊಂದು ಊರಿನಲ್ಲಿ ಜನ ಅಗಿದ ಚೂಯಿಂಗ್ ಗಮ್ಮನ್ನು ಒಂದು ಗೋಡೆಗೆ ಅಂಟಿಸಿ ಹೋಗುತ್ತಾರೆ, ಅದರ ಮುಂದೆ ನಿಂತು ಮದುಮಕ್ಕಳು ಫೋಟೊ ತೆಗೆಸಿಕೊಳ್ಳುತ್ತಾರೆ. ಒಂದು ದ್ವೀಪದಲ್ಲಿ ಮರಮರಕ್ಕೂ ಹಳೇ ಗೊಂಬೆ ನೇತುಹಾಕಿದ್ದಾರೆ. ಮತ್ತೊಂದು ಕಡೆ ಮರಳುಗಾಡಿನಲ್ಲಿ ದೊಡ್ಡ ಗುಂಡಿ ಬಿದ್ದು, ಅದರೊಳಗೆ ಬೆಂಕಿ ಆರದೆ ಉರಿಯುತ್ತಿದೆ.”

“ಗುಂಡಿಗಳು ನಮ್ಮಲ್ಲೂ ಇವೆಯಲ್ಲ?” ಎಂದರು ಮಹಾರಾಜರು ಆಸೆಯಿಂದ.

“ಬೇಕಾದಷ್ಟಿವೆ ಪ್ರಭು. ಬೆಂಕಿಯೊಂದರ ಕೊರತೆ.”

ಮಹಾರಾಜರು ನಿಟ್ಟುಸಿರಿಟ್ಟರು. ಕೂಡಲೇ ಅರಮನೆಯ ಗಂಟೆಗೋಪುರವನ್ನು ಒಂದಿಷ್ಟು ವಾಲಿಸತಕ್ಕದ್ದೆಂದು ಆಜ್ಞೆ ಹೊರಟಿತು. ಗೋಪುರ ರಾಜಾಜ್ಞೆಗೆ ಬೇಕಾದ್ದಕ್ಕಿಂತ ಹೆಚ್ಚು ವಿಧೇಯವಾಗಿ ನಡೆದುಕೊಂಡು ಪೂರ್ತಿ ಮಲಗಿಬಿಟ್ಟಿತು. ಮಲಗಿದ ಗೋಪುರವನ್ನು ನೋಡಲು ನರಪಿಳ್ಳೆಯೂ ಬರಲಿಲ್ಲ. ಅದರ ಇಟ್ಟಿಗೆಗಳು ಮಾತ್ರ ಹೇಗೋ ಮಂತ್ರಿಗಳ ಹೊಸ ಮನೆಯವರೆಗೆ ಪ್ರವಾಸ ಹೋದವು.

ಇಂಥ ಸಂಕಟದ ದಿನಗಳಲ್ಲಿ ಒಬ್ಬ ಪರದೇಶದ ಪ್ರವಾಸಿಯ ಗಾಡಿ ಹೊಂಗೆಮರದ ಬೀದಿಯಲ್ಲಿ ಪಂಕ್ಚರ್ ಆಯಿತು. ಕೆಳಗಿಳಿದವನು ಕೆಂಪು, ಹಸಿರು, ಹಳದಿ ಪ್ಲಾಸ್ಟಿಕ್ ಕೊಡಗಳು, ಮಧ್ಯೆ ಮಧ್ಯೆ ಕಲ್ಲು, ಚಪ್ಪಲಿ, ಎಲ್ಲಕ್ಕೂ ಮುಂದೆ ಒಂದು ತಾಮ್ರದ ಕೊಡ ನಿಂತಿರುವುದನ್ನು ನೋಡಿದ. ಸಾಲು ಬೀದಿ ದಾಟಿ ತಿರುವಿನಾಚೆಗೂ ಹೋಗಿತ್ತು. ಒಬ್ಬ ಮನುಷ್ಯನೂ ಇರಲಿಲ್ಲ. ಪುರಿ ಹುರಿಯುತ್ತಿದ್ದ ದ್ಯಾವೀರಮ್ಮನನ್ನು ಅವನು ಅರೆಬರೆ ಕನ್ನಡದಲ್ಲಿ ಕೇಳಿದ.

“ಜನ ಎಲ್ಲಿ?”

“ಅವರವರ ಮನೇಲವ್ರೆ.”

“ಯಾರು ಕಾಯುವುದು?”

“ಯಾಕೆ ಕಾಯ್ಬೇಕು ಸ್ವಾಮಿ? ಯಾರ ಕೊಡವ ಯಾರು ಮುಟ್ತಾರೆ?” ಎಂದು ಅವಳು ಒಂದು ಹಿಡಿ ಬಿಸಿ ಪುರಿ ಅವನ ಕೈಗೆ ಹಾಕಿದಳು.

ಆ ಮನುಷ್ಯ ಬಹಳ ದೇಶ ತಿರುಗಿದವನು. ಅವನ ಕಣ್ಣು ಒದ್ದೆಯಾಯಿತು. ಚಿತ್ರಗಳನ್ನು ತೆಗೆದು, ‘ಜನರಿಲ್ಲದೆ ನಿಂತ ಸಾಲು’ ಎಂದು ಬರೆದು ಜಗತ್ತಿಗೆ ಕಳಿಸಿದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಚಿತ್ರಗಳು ವೈರಲ್ ಆಗಿ, ವಾರ ಕಳೆಯುವುದರೊಳಗೆ ಬೀದಿಯಲ್ಲಿ ಕೊಡಗಳಿಗಿಂತ ಕ್ಯಾಮೆರಾಗಳು ಹೆಚ್ಚಾದವು.

ಮಹಾರಾಜರು ಸಿಂಹಾಸನದಿಂದ ಎದ್ದೇ ಬಿಟ್ಟರು. ರಾಜ್ಯದಲ್ಲಿ ಇಂಥದ್ದೊಂದು ವಿಸ್ಮಯ ಇದೆಯೆಂದು ತಮಗೇಕೆ ಯಾರೂ ಹೇಳಲಿಲ್ಲ ಎಂದು ಕೇಳಿದರು. ಪ್ರಜೆಗಳು ಆ ವಿಸ್ಮಯದ ಬಗ್ಗೆ ಅರ್ಜಿಯ ಮೇಲೆ ಅರ್ಜಿ ಕೊಟ್ಟಿದ್ದರೆಂದು, ಅವನ್ನು ತಾವೇ ಅಟ್ಟಕ್ಕೆ ಹಾಕಿಸಿದ್ದೆಂದು ಜಲಾಧ್ಯಕ್ಷರು ಹೇಳಲಿಲ್ಲ. ಒಳ್ಳೆಯ ಮುಹೂರ್ತ ನೋಡಿ ಸಾಲನ್ನು ‘ರಾಜ್ಯದ ಪಾರಂಪರಿಕ ವಿಸ್ಮಯ ತಾಣ’ವೆಂದು ಘೋಷಿಸುವ ಸಮಾರಂಭ ಏರ್ಪಾಟಾಯಿತು. ಶಾಮಿಯಾನ, ತಂಪು ಪಾನೀಯ, ಸ್ವಾಗತ ಭಾಷಣ, ವಂದನಾರ್ಪಣೆ, ಯಾವುದಕ್ಕೂ ಲೋಪವಿರಲಿಲ್ಲ.

ಮಹಾರಾಜರು ರಿಬ್ಬನ್ನಿಗೆ ಕತ್ತರಿ ಇಡುವ ಹೊತ್ತಿಗೆ ಸರಿಯಾಗಿ ನಲ್ಲಿ ಕೆಮ್ಮಿತು. ಒಂದು ಸಲ ಉಸಿರೆಳೆದು, ಫಳಕ್ಕನೆ ಒಂದಿಷ್ಟು ನೀರುಗುಳಿತು. ದ್ಯಾವೀರಮ್ಮ ಸೆರಗು ಸಿಕ್ಕಿಸಿಕೊಂಡು, ನೆರೆದವರ ಕಾಲುಗಳ ನಡುವೆ ನುಗ್ಗಿ, ಕೊಡಕ್ಕೆ ಕೈ ಹಾಕಿದಳು. ಅಬ್ಬಾ, ಅಂತೂ ಬಂತಲ್ಲ ಎಂದುಕೊಂಡಳು.

ಮಂತ್ರಿ ಮಧುರಭಾಷಿಗಳ ಮುಖ ಬಿಳಿಚಿತು. “ಪ್ರಭು, ನೀರು ಬಂದರೆ ಕೊಡ ತುಂಬುತ್ತದೆ. ಕೊಡ ತುಂಬಿದರೆ ಮನೆಗೆ ಹೋಗುತ್ತದೆ. ಕೊಡಗಳೆಲ್ಲ ಮನೆಗೆ ಹೋದರೆ ತಾಣ ಎಲ್ಲಿ ಉಳಿಯಿತು?”

ಮಹಾರಾಜರು ಜಲಾಧ್ಯಕ್ಷರ ಕಡೆ ತಿರುಗಿದರು. ಜಲಾಧ್ಯಕ್ಷರು ಕೈ ಮುಗಿದು, “ಮಹಾಪ್ರಭು, ನೀರು ತರುವುದು ನಮ್ಮ ಇಲಾಖೆಯಿಂದ ಇದುವರೆಗೆ ಆಗಿರಲಿಲ್ಲ. ನಿಲ್ಲಿಸುವುದಾದರೆ ಈ ಕ್ಷಣವೇ” ಎಂದರು. ಕುಂಭಾವತಿಯ ಇತಿಹಾಸದಲ್ಲಿ ಒಂದು ಇಲಾಖೆ ಕೊಟ್ಟ ಮಾತನ್ನು ಅಷ್ಟು ಬೇಗ ಉಳಿಸಿಕೊಂಡದ್ದು ಅದೇ ಮೊದಲು. ದ್ಯಾವೀರಮ್ಮನ ಕೊಡದ ತಳದಲ್ಲಿ ಒಂದು ಬೊಗಸೆ ನೀರಿತ್ತು. ಭಟನೊಬ್ಬ ಅದನ್ನು ಚೆಲ್ಲಿ, ಕೊಡವನ್ನು ಮೊದಲಿದ್ದ ಜಾಗದಲ್ಲೇ ಇಟ್ಟು, ಇಡೀ ಸಾಲಿನ ಸುತ್ತ ಹಗ್ಗ ಕಟ್ಟಿದ. ‘ಮುಟ್ಟಬಾರದು’ ಎಂದು ಫಲಕ ಬಂತು.

ಮಾರನೆಯ ದಿನ ಅವಳು ಒಡ್ಡೋಲಗಕ್ಕೆ ಹೋದಳು. ಅವಳು ಬಾಯಿ ತೆರೆಯುವ ಮೊದಲೇ ಮೈಸೂರು ಪೇಟ ಹೋಲುವ ಒಂದು ಪೇಟವನ್ನು ತಲೆಗಿಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ‘ಪ್ರಥಮ ಕುಂಭಿಣಿ’ ಎಂಬ ಬಿರುದು ಕೊಟ್ಟರು.

“ಬುದ್ಧಿ, ನಂಗೆ ಶಾಲು ಬ್ಯಾಡ. ಒಂದು ಗಳಿಗೆ ನಲ್ಲಿ ಬಿಡ್ಸಿ. ಹಸುಗೂಸಿನ ಮೈಯೆಲ್ಲ ಗುಳ್ಳೆ ಎದ್ದವೆ.”

ಮಹಾರಾಜರು ಕರುಣೆಯಿಂದ ನಕ್ಕರು. “ನೀರು ಬಿಟ್ಟರೆ ತುಂಬಿಸಿಕೊಳ್ಳುವೆ. ಆಮೇಲೆ ನಿನ್ನ ಕೊಡ ಎಲ್ಲಿಗೆ ಹೋಗುತ್ತದೆ?”

“ಸಾಲಿನ ಕೊನೇಗೆ, ಬುದ್ಧಿ.”

“ನೋಡಿದೆಯಾ? ನೀರು ನಿನ್ನನ್ನು ಕೊನೆಯವಳನ್ನಾಗಿ ಮಾಡುತ್ತದೆ. ನಾವು ನಿನ್ನನ್ನು ಶಾಶ್ವತವಾಗಿ ಮೊದಲನೆಯವಳನ್ನಾಗಿ ಮಾಡಿದ್ದೇವೆ. ಬಡವರ ಏಳಿಗೆಯೆಂದರೆ ಇದೇ ಅಲ್ಲವೆ?”

ಸಭೆ ಚಪ್ಪಾಳೆ ತಟ್ಟಿತು. “ಆಹಾ, ಇಷ್ಟು ಸರಳವಾಗಿ ಅರ್ಥಶಾಸ್ತ್ರವನ್ನು ಯಾರೂ ಹೇಳಿರಲಿಲ್ಲ” ಎಂದು ಮಂತ್ರಿಗಳು ಕಣ್ಣೊರೆಸಿಕೊಂಡರು. ದ್ಯಾವೀರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಎಲ್ಲರನ್ನೂ ಅಲ್ಲೇ ನಿವಾಳಿಸಿ ಎಸೆಯಬೇಕೆನ್ನಿಸಿತು. ಆದರೆ ಮನೆಯಲ್ಲಿ ಬಾಣಂತಿ ಕಾಯುತ್ತಿದ್ದಳು. ಹಣ್ಣಿನ ಬುಟ್ಟಿ ಹೊತ್ತು ಹೊರಟುಬಂದಳು. ಅದರಲ್ಲಿದ್ದದ್ದು ಮೇಣದ ಹಣ್ಣು.

ಹಾಗಾದರೆ ಬರಬೇಕಿದ್ದ ನೀರು ಏನಾಯಿತು ಎಂದು ನೀವು ಕೇಳುತ್ತೀರಿ. ಕುಂಭಾವತಿಯಲ್ಲಿ ಯಾವುದನ್ನೂ ವ್ಯರ್ಥ ಮಾಡುವುದಿಲ್ಲ. ಅರ್ಧ ನೀರನ್ನು ಪ್ರವಾಸಿಗಳ ಅತಿಥಿಗೃಹದ ಸ್ನಾನದ ತೊಟ್ಟಿಗಳಿಗೆ ತಿರುಗಿಸಿದರು. ಉಳಿದರ್ಧವನ್ನು ಬಾಟಲಿಗೆ ತುಂಬಿ, ‘ಸರದಿ ತೀರ್ಥ’ ಎಂದು ಚೀಟಿ ಹಚ್ಚಿ, ಬೀದಿಯ ಬಾಯಲ್ಲಿ ಹೊಸದಾಗಿ ತೆರೆದ ಸ್ಮರಣಿಕೆ ಅಂಗಡಿಯಲ್ಲಿ ಮಾರತೊಡಗಿದರು. ಅಂಗಡಿ ಮಂತ್ರಿಗಳ ಭಾವಮೈದುನರದು. ಬೀದಿಯವರು ತಮ್ಮ ಮನೆಗೆ ಹೋಗಲು ಟಿಕೆಟ್ ತೆಗೆಸಬೇಕಾಯಿತು; ಸ್ಥಳೀಯರೆಂದು ರಿಯಾಯಿತಿ ಇತ್ತು, ಸ್ಥಳೀಯರೆಂದು ಸಾಬೀತುಮಾಡುವ ಶುಲ್ಕ ಬೇರೆ.

ಒಂದು ಮಧ್ಯಾಹ್ನ, ಭಟ ತೂಕಡಿಸುತ್ತಿದ್ದಾಗ, ದ್ಯಾವೀರಮ್ಮ ಹಗ್ಗದಡಿ ನುಸುಳಿ ತನ್ನ ಕೊಡ ಎತ್ತಿಕೊಂಡಳು. ಅತಿಥಿಗೃಹದ ಹಿಂದೆ ತೊಟ್ಟಿ ತುಂಬಿ ಹರಿದ ಒಳ್ಳೆಯ ನೀರು ಸುಮ್ಮನೆ ಮೋರಿ ಪಾಲಾಗುತ್ತಿತ್ತು. ಅದನ್ನು ಹಿಡಿದು ತರಬೇಕೆಂದು ಹೊರಟವಳು ಬೀದಿಯ ಅರ್ಧವನ್ನೂ ದಾಟಲಿಲ್ಲ. ‘ನನ್ನ ಫೋಟೊದಲ್ಲಿ ಮೊದಲ ಕೊಡವೇ ಇಲ್ಲ’ ಎಂದು ಒಬ್ಬ ಪ್ರವಾಸಿ ದೂರು ಕೊಟ್ಟ. ಪಾರಂಪರಿಕ ಸ್ವತ್ತಿನ ಕಳವಿನ ಮೇಲೆ ಅವಳನ್ನು ಹಿಡಿದುತಂದರು.

“ಕೊಡ ನಂದೇ ಕಣಪ್ಪ. ನಮ್ಮವ್ವ ಕೊಟ್ಟಿದ್ದು.”

“ನಿನ್ನದಾಗಿತ್ತು ತಾಯಿ” ಎಂದರು ಮಧುರಭಾಷಿಗಳು ಬೆಣ್ಣೆಯಂಥ ದನಿಯಲ್ಲಿ. “ಈಗ ಅದು ಲೋಕದ್ದು. ಲೋಕದ ಪರವಾಗಿ ಮಹಾರಾಜರದ್ದು.”

ಮಹಾರಾಜರು ಉದಾರವಾಗಿ ಅವಳನ್ನು ಕ್ಷಮಿಸಿದರು. ಕೊಡವನ್ನು ಮಾತ್ರ ಅರಮನೆಗೆ ಒಯ್ದರು. ಅಷ್ಟರಲ್ಲಿ ಜಗದ್ವಿಸ್ಮಯ ಸಂಘವು ಕುಂಭಾವತಿಯ ಸಾಲನ್ನು ಭೂಮಿಯ ಮೇಲಿನ ಅತಿ ವಿಲಕ್ಷಣ ತಾಣವೆಂದು ಆರಿಸಿತ್ತು. ಪ್ರಶಸ್ತಿಯ ದಿನ ಪ್ರಭುಗಳು ಹಳೆಯ ಕಿರೀಟ ಧರಿಸಿದರೆ ಏನು ಚೆಂದ? ಅಕ್ಕಸಾಲಿಗರು ತಾಮ್ರದ ಕೊಡದ ಕಂಠ ಕತ್ತರಿಸಿ, ಬೋರಲು ಹಾಕಿ, ಚಿನ್ನದ ನೀರು ಕೊಟ್ಟು ಹೊಸ ಕಿರೀಟ ಮಾಡಿದರು. ಹೊಟ್ಟೆಯ ತಗ್ಗನ್ನು ಪರಂಪರೆಯ ಗುರುತೆಂದು ಹಾಗೇ ಉಳಿಸಿದರು. ಖರ್ಚಿಗಾಗಿ ‘ಸರದಿ ಸುಂಕ’ ಬಂತು. ಸಾಲಿನಲ್ಲಿ ನಿಂತವರು ನಿಂತದ್ದಕ್ಕೆ ಕಟ್ಟಬೇಕು, ನಿಲ್ಲದವರು ರಾಜ್ಯದ ಕೀರ್ತಿಗೆ ಸಹಕರಿಸದ ತಪ್ಪಿಗೆ ಕಟ್ಟಬೇಕು.

ಪ್ರಶಸ್ತಿಯ ದಿನ ದ್ಯಾವೀರಮ್ಮ ಪುರಿ ಮಾರಿ ಕೂಡಿಟ್ಟದ್ದನ್ನೆಲ್ಲ ಸೆರಗಿಗೆ ಗಂಟುಹಾಕಿಕೊಂಡು ಸ್ಮರಣಿಕೆ ಅಂಗಡಿಯ ಮುಂದೆ ನಿಂತಳು. ಬಾಟಲಿಯ ನೀರಾದರೂ ಸರಿ, ಕೂಸಿಗೆ ಒಂದು ಸಲ ಎರೆಯಲೇಬೇಕು. ಅಂಗಡಿಗೂ ಉದ್ದ ಸಾಲು. ಪ್ರವಾಸಿಗಳ ನಡುವೆ ಬೀದಿಯವರೂ ಇದ್ದರು, ಕೊಡಗಳೆಲ್ಲ ಹಗ್ಗದೊಳಗಿದ್ದುದರಿಂದ ಬರಿಗೈಯಲ್ಲಿ. ಹೊತ್ತೇರಿತು. ಇನ್ನೇನು ಅವಳ ಸರದಿ ಬರಬೇಕು, ಮನೆಯ ಕಡೆಯಿಂದ ಕೂಸು ಕಿರುಚಿ ಅಳುವುದು ಕೇಳಿಸಿತು. ಅಭ್ಯಾಸಬಲದಿಂದ ಅವಳು ಒಂದು ಕಲ್ಲೆತ್ತಿ ತಾನು ನಿಂತ ಜಾಗದಲ್ಲಿಟ್ಟು ಓಡಿದಳು.

ಕೂಸನ್ನು ಸಂತೈಸಿ ಬಂದು ನೋಡಿದರೆ ಕಲ್ಲಿರಲಿಲ್ಲ. ಅಷ್ಟು ದೂರದಲ್ಲಿ ಒಬ್ಬ ಪ್ರವಾಸಿ ಅದನ್ನು ಹೆಂಡತಿಗೆ ತೋರಿಸಿ, ಅಪ್ಪಟ ಸರದಿ ಕಲ್ಲು ಸಿಕ್ಕಿತೆಂದು ಹಿಗ್ಗುತ್ತಾ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಅವನನ್ನು ಬೈದು ಏನು ಪ್ರಯೋಜನ? ಅವಳು ತನ್ನ ಹಿಂದೆ ನಿಂತಿದ್ದ ಪಕ್ಕದ ಮನೆಯ ಪುಟ್ಟಸಿದ್ದಮ್ಮನ ಕಡೆ ನೋಡಿದಳು. ಪುಟ್ಟಸಿದ್ದಮ್ಮ ಆಗಲೇ ಒಂದು ಹೆಜ್ಜೆ ಮುಂದೆ ಬಂದು ಅದೇ ಜಾಗದಲ್ಲಿ ನಿಂತಿದ್ದಳು.

“ನೀನು ನೋಡ್ಲಿಲ್ವಾ ಸಿದ್ದಮ್ಮ?”

ಪುಟ್ಟಸಿದ್ದಮ್ಮ ನೆಲ ನೋಡಿದಳು. “ನೋಡ್ದೆ ಕಣಕ್ಕ. ಏನ್ ಮಾಡ್ಲಿ, ನಮ್ಮನೇಲೂ ನೀರಿಲ್ಲ.”

ಅತ್ತ ಅರಮನೆಯ ಉಪ್ಪರಿಗೆಯಲ್ಲಿ ವಾದ್ಯ ಮೊಳಗಿತು. ಮಹಾರಾಜರ ತಲೆಯ ಮೇಲೆ ಕಿರೀಟವಿಟ್ಟರು. ಕೊಡ ತಾನೇ, ಅಳತೆ ಸ್ವಲ್ಪ ದೊಡ್ಡದಾಗಿ ಅದು ಮೂಗಿನವರೆಗೆ ಇಳಿಯಿತು.

“ಮಂತ್ರಿಗಳೆ, ಸಾಲು ಹೇಗಿದೆ?” ಎಂದು ಒಳಗಿನಿಂದ ಗುಂಯ್‌ಗುಟ್ಟುವ ದನಿ ಕೇಳಿತು.

“ಬೆಳೆಯುತ್ತಿದೆ ಪ್ರಭು. ತಮ್ಮ ಕೀರ್ತಿಯ ಹಾಗೆ.”

ದ್ಯಾವೀರಮ್ಮ ಸಾಲಿನ ಕೊನೆಗೆ ಹೋದಳು. ಸುಂಕದವನು ಬಂದು, ‘ನಿಂತದ್ದಕ್ಕೆ’ ಎಂದು ಕೈ ಚಾಚಿದ. ಅವಳು ಸೆರಗಿನ ಗಂಟು ಬಿಚ್ಚಿ ಸುಂಕ ಎಣಿಸಿಕೊಟ್ಟಳು. ಮನೆಯಲ್ಲಿ ಕೂಸು ಮತ್ತೆ ಅಳತೊಡಗಿತ್ತು. ಕಾಲ ಬಳಿ ಬೇಕಾದಷ್ಟು ಕಲ್ಲುಗಳು ಬಿದ್ದಿದ್ದವು. ಅವಳು ಒಂದನ್ನೂ ಎತ್ತಲಿಲ್ಲ, ಅಲ್ಲೇ ನಿಂತಳು.